ಸಹಿ ನಿಮ್ಮದೇ
ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಾಗ ನನ್ನ ಕೇಸಿನ ವಕೀಲೆ ಬಂದರು. ಕೈಯಲ್ಲಿ ಗಾರ್ಮೆಂಟ್ಸ್‌ನವರು ಕೋರ್ಟಿಗೆ ಕೊಟ್ಟ ನನ್ನ ರಾಜೀನಾಮೆ ಪತ್ರದ ಜೆರಾಕ್ಸ್. ನಾನು ಬರೆಯದ ಪತ್ರ. ಅದು ಸುಳ್ಳೆಂದು ತೋರಿಸದಿದ್ದರೆ ಕೆಲಸ ವಾಪಸ್ ಸಿಗದು.

“ಸಹಿ ನಿಮ್ಮದೇ ತಾನೇ?”

“ನನ್ನ ಥರಾನೇ ಇದೆ. ಆದ್ರೆ ನಾನು ಹಾಕಿಲ್ಲ.” ನಾನು ಅವರನ್ನು ಒಳಗೆ ಕರೆಯಲಿಲ್ಲ. “ನಿನ್ನೆ ಫ್ಯಾಕ್ಟರಿ ವಕೀಲರ ಜೊತೆ ಟೀ ಕುಡೀತಿದ್ರಂತೆ ಮೇಡಂ?”

“ವಕೀಲರಿಗೇ ನಡೆಸೋ ಕಾರ್ಮಿಕ ಕಾನೂನಿನ ತರಗತಿ ಕಣಮ್ಮ. ಅವರೂ ಬಂದಿದ್ರು.”

“ಇಪ್ಪತ್ತು ವರ್ಷದ ವಕೀಲರಿಗೆ ಇನ್ನೂ ಪಾಠಾನಾ?”

“ಹೂಂ. ಪಾಠ ಮಾಡಿದವರು, ಇಂಥ ಪತ್ರ ಬಂದ್ರೆ ಮೊದಲು ತಾರೀಖು ನೋಡಿ, ಆ ದಿನ ಏನೇನಾಯ್ತು ಕೇಳಿ ಅಂದ್ರು. ನಾನು ಬರೀ ಸಹಿ ನೋಡ್ಕೊಂಡು ಕೂತಿದ್ದೆ. ಇದು ಆಯುಧಪೂಜೆ ದಿನದ್ದು. ಅವತ್ತು ಯಾವುದಕ್ಕಾದ್ರೂ ಸಹಿ ಹಾಕಿದ್ರಾ?”

ನನ್ನ ಬಾಯಿಂದಲೇ ಏನೋ ಹೊರಡಿಸಿ ಫ್ಯಾಕ್ಟರಿಯವರಿಗೆ ಒಪ್ಪಿಸುತ್ತಾರೆ ಅನ್ನಿಸಿತು.

“ಇಲ್ಲ. ಮಷೀನಿಗೆ ಪೂಜೆ ಮಾಡಿದ್ವಿ, ಲಾಡು ತಗೊಂಡು ಮನೆಗೆ ಬಂದ್ವಿ.”

ಜಡೆ ಹಾಕಿಸಿಕೊಳ್ಳಲು ಕಾದಿದ್ದ ಮಗಳು ಆಗಿನಿಂದ ಬಾಯಿ ತೆರೆದು ಮುಚ್ಚುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು:

“ಅಮ್ಮಾ, ಲಾಡು ಕೊಡೋಕೂ ಖಾಲಿ ಹಾಳೆ ಮೇಲೆ ಸಹಿ ಹಾಕಿಸ್ಕೊಂಡ್ರು ಅಂತ ಅವತ್ತು ನಗ್ತಿದ್ದೆಯಲ್ಲ, ಆ ಹಾಳೆ ಏನಾಯ್ತು?”