ಒಂದೇ ಪ್ರತಿ

ಕಪಾಟಿನ ಹಿಂಬದಿಗೆ ಕೈ ಹಾಕಿದ ಕಲ್ಲಯ್ಯ ಮಾಸ್ತರರಿಗೆ ಬರೀ ಧೂಳು ಸಿಕ್ಕಿತು. ಪುಸ್ತಕ ಮಾಯ!

ಇಪ್ಪತ್ತು ವರ್ಷಗಳಿಂದ ಪ್ರತಿ ಗುರುವಾರ ಖಾನಾಪುರದ ಈ ವಾಚನಾಲಯಕ್ಕೆ ಬಂದು, ಅದು ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡಿ ಹೋಗುತ್ತಿದ್ದರು. ಉಳಿದದ್ದು ಅದೊಂದೇ ಪ್ರತಿ. ಮನೆಗೆ ಒಯ್ಯಲು ಧೈರ್ಯವಿಲ್ಲ, ಅಲ್ಲೇ ಬಿಟ್ಟು ನೆಮ್ಮದಿಯೂ ಇಲ್ಲ.

ಹಳೆಯ ಪುಸ್ತಕಗಳನ್ನೆಲ್ಲ ನಿನ್ನೆ ಬೆಳಗಾವಿಯವರು ಚೀಲ ತುಂಬಿಕೊಂಡು ಹೋದರೆಂದು ವಾಚನಾಲಯ ನೋಡಿಕೊಳ್ಳುವ ಹಣಮಪ್ಪ ಹೇಳಿದ. "ಇಂಟರ್ನೆಟ್ಟಿಗೆ ಹಾಕತಾರಂತ್ರಿ. ಯಾರ ಬೇಕಾದ್ರೂ ಪುಕ್ಕಟೆ ಓದಬಹುದಂತ."

ಮಾಸ್ತರರು ಅವರ ವಿಳಾಸ ಕೇಳಿಕೊಂಡರು. ಸಿಕ್ಕ ಬಸ್ಸು ಹತ್ತಿದರು.

ಬೆಳಗಾವಿಯ ಟಿಳಕವಾಡಿಯ ಮಾಳಿಗೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಗುರುಗುಡುತ್ತಿತ್ತು. ಮಹೇಕ ಎಂಬ ಹುಡುಗಿ ಪುಸ್ತಕವೊಂದನ್ನು ಕತ್ತಿಯಡಿ ಇಟ್ಟು ಬೆನ್ನು ಕತ್ತರಿಸಿದಳು. ಹಾಳೆಗಳು ಬಿಡಿಬಿಡಿಯಾಗಿ ಬಿದ್ದವು. ಬಾಗಿಲಲ್ಲಿದ್ದ ಮಾಸ್ತರರು ಒಳಗೆ ನುಗ್ಗಿದರು.

ಅವಳು ಗುರುತು ಹಿಡಿದಳು. ಮದ್ದಿನ ಗಿಡಗಳ ಮೇಲೆ ಪುಸ್ತಕ ಬರೆದು ನಾಡಿಗೆಲ್ಲ ಹೆಸರಾದವರಲ್ಲವೇ ಇವರು! ನಾಳೆ ಬೆಳಗಾವಿಯಲ್ಲಿ ಇವರದೇ ಸನ್ಮಾನ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಪುಸ್ತಕದ ಮೊದಲ ಸಾಲನ್ನು ಅಲ್ಲೇ ಒಪ್ಪಿಸಿದಳು: "ಬೇರು ಕೀಳುವ ಮುನ್ನ ಗಿಡದ ಅಪ್ಪಣೆ ಕೇಳಬೇಕು."

ಮಾಸ್ತರರ ಕಿವಿಗೆ ಅದು ಬೀಳಲಿಲ್ಲ. ಒಂದು ಬದಿಗೆ ಇಡಿಯಾದ ಪುಸ್ತಕಗಳ ರಾಶಿ. ಅದರಲ್ಲಿ ಆ ಹಸಿರು ರಟ್ಟು! ಸದ್ಯ, ಹರಿದಿಲ್ಲ, ಕತ್ತರಿಸಿಲ್ಲ.

"ಇದಕ್ಕ ಮಾತ್ರ ಕತ್ತಿ ಮುಟ್ಟಿಸಬ್ಯಾಡವಾ," ಎಂದು ಅದನ್ನೆತ್ತಿಕೊಂಡರು.

"ಸರ್, ಅದರದ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು.

ಖಾನಾಪುರದಲ್ಲಿ ಇಳಿದವರು ಮನೆಗೆ ಹೋಗಲಿಲ್ಲ, ಮಲಪ್ರಭೆಯ ಸೇತುವೆಗೆ ಹೋದರು. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಬೆನ್ನಿನ ಬಿಳಿ ದಾರ ಬೆರಳಿಗೆ ತಾಕಿತು. ತೊಂಬತ್ತು ವರ್ಷದ ಪುಸ್ತಕಕ್ಕೆ ಎಷ್ಟು ಗಟ್ಟಿ ಹೊಲಿಗೆ ಎನ್ನಿಸಿತು. ಆಮೇಲೆ ಕಣ್ಣು ಮುಚ್ಚಿ ನೀರಿಗೆ ಬಿಟ್ಟರು. ಅದು ಮುಳುಗಿದ್ದು ಖಾತ್ರಿಯಾದ ಮೇಲೆಯೇ ಅಲ್ಲಿಂದ ಕದಲಿದರು.

ಮರುದಿನ ಸಭಾಭವನ ಕಿಕ್ಕಿರಿದಿತ್ತು. ಶಾಲು ಹೊದಿಸಿದ ಮೇಲೆ ಮಹೇಕ ಒಂದು ಕಟ್ಟು ಹಾಳೆ ಹಿಡಿದು ವೇದಿಕೆ ಹತ್ತಿದಳು. ಮುಖದಲ್ಲಿ ನಗುವಿರಲಿಲ್ಲ. ಮಾಸ್ತರರು ನಿನ್ನೆ ಒಯ್ದದ್ದು ಕತ್ತರಿಸಿ, ಸ್ಕ್ಯಾನ್ ಮಾಡಿ, ಮತ್ತೆ ಹೊಲಿದಿಟ್ಟ ಪುಸ್ತಕವೆಂದಳು. "ಆ ಪುಸ್ತಕ ಈಗ ಯಾರ ಬೇಕಾದ್ರೂ ಓದಬಹುದು ಸರ್. ನಾನೂ ರಾತ್ರಿ ಓದಿದೆ."

ಆಮೇಲೆ ಮೈಕಿನತ್ತ ಬಾಗಿ ಮೊದಲ ಹಾಳೆ ಓದಿದಳು: "ಬರೆದವರು, ಸೂಲಗಿತ್ತಿ ಶಿವಬಸವ್ವ, ಖಾನಾಪುರ, ೧೯೩೧. ಬೇರು ಕೀಳುವ ಮುನ್ನ ಗಿಡದ ಅಪ್ಪಣೆ ಕೇಳಬೇಕು."