ವಾಸಿಯಾಗಬಾರದ ಬೆರಳು

ಗಡಿ ದಾಟಿ ಬಂದವರೆಲ್ಲ ಮೊದಲು ನೀಲಿ ದೀಪದಡಿ ಮೈಯೊಡ್ಡುತ್ತಿದ್ದರು. ಎಂಥ ಗಾಯವಾದರೂ ಗುರುತಿಲ್ಲದಂತೆ ಮಾಯುತ್ತಿತ್ತು. ಸೂಲಗಿತ್ತಿ ಬಾಳವ್ವನ ಮಗಳು ಸಾವಂತ್ರಿ ನೋವು ತಾಳದೆ ಮುರಿದ ಬೆರಳನ್ನು ಒಡ್ಡಿದಳು. ಆಶ್ರಯದ ವಿಚಾರಣೆಯಲ್ಲಿ ತೋರಿಸಲು ಏನೂ ಉಳಿಯದೆ ಅವಳ ಅರ್ಜಿ ಬಿದ್ದುಹೋಯಿತು.

ಬಾಳವ್ವ ಮಾತ್ರ ತನ್ನ ಎರಡು ಮುರಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಅಧಿಕಾರಿಯ ಮುಂದೆ ಕೂತಳು.

“ಪರವಾನಗಿ ಇಲ್ಲದ ಹೆರಿಗೆ ಮಾಡಿಸಿದ್ದಕ್ಕೆ ಹೊಡೆದರು, ಒಪ್ಪಿದೆ. ಆದರೆ ಹೋದ ವರ್ಷವೇ ಅಲ್ಲಿ ಆ ಕಾನೂನು ರದ್ದಾಗಿದೆಯಲ್ಲಮ್ಮ. ಇನ್ಯಾರು ಹೊಡೀತಾರೆ?” ಎಂದ ಅಧಿಕಾರಿ.

“ಎಲುಬು ಯಾವಾಗ ಮುರೀತು ಅಂತ ಹೇಳೋ ಯಂತ್ರ ಐತಲ್ರಿ, ಅದನ್ನ ಕೇಳ್ರಿ,” ಎಂದು ಅವಳು ಕೈ ಚಾಚಿದಳು.

ತೋರುಬೆರಳು ಮುರಿದು ಮೂರು ವರ್ಷ, ಕಿರುಬೆರಳು ಮುರಿದು ಹನ್ನೊಂದು ದಿನ ಎಂದಿತು ಯಂತ್ರ. ಅಧಿಕಾರಿ ಅರ್ಜಿಗೆ ಒಪ್ಪಿಗೆಯ ಮುದ್ರೆ ಒತ್ತಿದ.

ಹೊರಗೆ ನರ್ಸ್ ದೀಪ ಹಚ್ಚಿ ಕರೆದಳು: “ಈಗಲಾದರೂ ಬನ್ನಿ ಅಮ್ಮ.”

“ತೋರುಬೆರಳು ನೆಟ್ಟಗ ಮಾಡವ್ವ, ಕೂಸು ಹಿಡೀಬೇಕು,” ಎಂದ ಬಾಳವ್ವ ಕಿರುಬೆರಳನ್ನು ಮತ್ತೆ ಸೆರಗಿಗೆ ಸೇರಿಸಿದಳು. “ಇದು ಹಿಂಗ ಇರ್ಲಿ. ನನ್ನ ಮಗಳ ಬೆರಳೂ ಇದರ ಜೋಡೀನ ಮುರದಾರ. ನಾಳೆ ಅಕಿ ಮೇಲ್ಮನವಿ ಐತಿ.”