ಕೊಯ್ದ ಕೊಂಬು

ಪಂಜರದ ಮುಚ್ಚಳ ತೆಗೆದ ಸಂಶೋಧಕಿಯ ಕೈ ಅಲ್ಲೇ ನಿಂತಿತು. ಹಾಯುವ ಗೂಳಿಯ ಕೊಂಬು ಕೊಯ್ದ ಹಾಗೆ, ಕರುಳು ಕೆಡಿಸುವ ಬ್ಯಾಕ್ಟೀರಿಯಾದಿಂದ ಒಂದು ಜೀನನ್ನು ಕತ್ತರಿಸಿ, ಇನ್ನಿದು ಸಾಧು, ಲಸಿಕೆಯಾದೀತು ಎಂದು ನಂಬಿ ಅವಳು ಇಲಿಗಳಿಗೆ ಕುಡಿಸಿದ್ದಳು. ಅವೆಲ್ಲ ಸತ್ತು ಬಿದ್ದಿದ್ದವು. ಪಕ್ಕದ ಪಂಜರದಲ್ಲಿ ಮೂಲ ಬ್ಯಾಕ್ಟೀರಿಯಾವನ್ನೇ ಕುಡಿದ ಇಲಿಗಳು ಸೊರಗಿದ್ದರೂ ಬದುಕಿದ್ದವು.

ಹಾಗಾದರೆ ಆ ಜೀನಿನ ಪ್ರೋಟೀನು ಬ್ಯಾಕ್ಟೀರಿಯಾದ ವಿಷವನ್ನು ಹೆಚ್ಚದಂತೆ ಹಿಡಿದಿಟ್ಟಿತ್ತು! "ದೇವರೇ, ನಾನು ಕೊಯ್ದದ್ದು ಕೊಂಬನ್ನಲ್ಲ, ಮೂಗುದಾರವನ್ನು!"

ಬಾಗಿಲಲ್ಲಿ ಅವಳ ಗುರುಗಳು ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದರು. "ಯಾಕಮ್ಮಾ, ದೆವ್ವ ಕಂಡೋರ ಹಾಗೆ ನಿಂತಿದ್ದೀಯ? ಊರಿಗೆ ಕುಡಿಸೋಕೆ ಮುಂಚೆ ನಾನು ಕುಡೀಬೇಡ್ವಾ? ಸಾಧು ಅಂತ ನೀನೇ ಹೇಳಿದ್ದೆಯಲ್ಲ. ಆದ್ರೂ ನಿನ್ನ ಲಸಿಕೆ ಬರೀ ಸಪ್ಪೆ ಕಣಮ್ಮಾ!" ನಗುತ್ತ ಅವರು ಖಾಲಿ ಲೋಟವನ್ನು ಅವಳ ಕೈಗಿಟ್ಟರು.